ಇಂದು ನಗದು, ನಾಳೆ ಉದ್ರಿ: ಮೂರು ಊರಿನ ಅಂಗಡಿ ಲೆಕ್ಕ

ಸಂಜೆ ಯಾದಗಿರಿ ಬಸ್‌ಸ್ಟ್ಯಾಂಡಿನಿಂದ ಶಹಾಪುರ, ಸುರಪುರ ಕಡೆಗೆ ಹೊರಡುವ ಬಸ್ಸಿನಲ್ಲಿ ಬರಿಗೈಯಲ್ಲಿ ಹತ್ತುವವರು ಕಡಿಮೆ. ಒಬ್ಬರ ಕೈಯಲ್ಲಿ ಎಣ್ಣೆ ಡಬ್ಬಿ, ಇನ್ನೊಬ್ಬರ ಚೀಲದಲ್ಲಿ ಮಗಳಿಗೆ ಕೊಂಡ ಬಟ್ಟೆ, ಮತ್ತೊಬ್ಬರ ಕಾಲ ಸಂದಿಯಲ್ಲಿ ತಮ್ಮೂರಿನ ಸಣ್ಣ ಅಂಗಡಿಗೆ ಒಯ್ಯುವ ಸಾಬೂನಿನ ಪೆಟ್ಟಿಗೆ. ಮೂರೂ ಊರಿನ ಬಾಜಾರದ ಹಕೀಕತ್ತು ತಿಳಿಯಬೇಕಾದರೆ ಕಚೇರಿಯ ಅಂಕಿ ಅಂಶ ಬೇಕಿಲ್ಲ, ಈ ಚೀಲಗಳನ್ನು ನೋಡಿದರೆ ಸಾಕು. ಯಾವ ಸರಕು ಊರಲ್ಲಿ ಸಿಗುತ್ತದೆ, ಯಾವುದಕ್ಕೆ ಬಸ್ ಹತ್ತಬೇಕು ಎಂಬುದನ್ನು ಅವು ಹೇಳುತ್ತವೆ.

ಅಂಗಡಿಕಾರರ ಬಾಯಲ್ಲಿ ಮಾತ್ರ ಈಚೆಗೆ ಬೇರೆಯೇ ಮಾತು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯವರು ಫೋನ್ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವರ್ತಕರಿಗೆ ನೋಟೀಸು ಕಳಿಸಿದರಲ್ಲ, ಅಂದಿನಿಂದ ಗಲ್ಲೆಯ ಮೇಲೆ ಕೂತವರ ಎದೆಯಲ್ಲಿ ಒಂದು ಪುಕುಪುಕು ಸುರುವಾಗಿದೆ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಸುಮಾರು 29 ಲಕ್ಷ ರೂಪಾಯಿಯ ನೋಟೀಸು ಬಂದ ಸುದ್ದಿ ರಾಜ್ಯವನ್ನೆಲ್ಲ ಸುತ್ತಿತು. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದಿನ ಕ್ಯೂಆರ್ ಚೀಟಿ ಮಾಯವಾಗಿ "ನಗದು ಮಾತ್ರ" ಎಂಬ ಬರಹ ಬಂತು. ಜುಲೈ 25ಕ್ಕೆ ಬಂದ್ ಎಂದರು. 23ಕ್ಕೆ ಮುಖ್ಯಮಂತ್ರಿಗಳು ಸಭೆ ಕರೆದು, ತೆರಿಗೆ ವಿನಾಯಿತಿ ಇರುವ ಸರಕಿಗೆ ತೆರಿಗೆ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಂಡವರಿಂದ ಹಳೆಯ ಬಾಕಿ ವಸೂಲು ಮಾಡುವುದಿಲ್ಲ ಎಂಬ ಭರವಸೆ ಕೊಟ್ಟರು. ಗದ್ದಲ ತಣ್ಣಗಾಯಿತು, ಅಂಜಿಕೆ ತಣ್ಣಗಾಗಲಿಲ್ಲ.

"ಅಲ್ರೀ, ನಮ್ಮಪ್ಪ ಐವತ್ತು ವರ್ಸ ಅಂಗಡಿ ಮಾಡ್ಯಾನ, ಒಂದ್ ಕಾಗದ ಬಂದಿಲ್ಲ. ನಾ ಫೋನಿನ್ಯಾಗ ರೊಕ್ಕ ತಗೊಂಡ್ ಕೂಡ್ಲೇ ಕಳ್ಳ ಆದ್ನೇನ್ರಿ?" ಇದು ಒಬ್ಬ ಕಿರಾಣಿ ವರ್ತಕರ ಪ್ರಶ್ನೆ. ಪ್ರಶ್ನೆ ಸರಿ ಇದೆ. ಉತ್ತರ ಮಾತ್ರ ಒಂದು ನೋಟೀಸಿನಲ್ಲಿ ಇಲ್ಲ. ಅದಕ್ಕೆ ಈ ಮೂರು ಊರಿನ ಅಂಗಡಿಗಳು ಹುಟ್ಟಿದ್ದು ಹೇಗೆ, ಬದುಕಿದ್ದು ಯಾವುದರ ಮೇಲೆ ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಅರಮನೆ, ರೈಲು, ಕಾಲುವೆ

ಮೂರು ಊರು, ಮೂರು ತರಹದ ಬಾಜಾರ. ಸುರಪುರದ್ದು ಸಂಸ್ಥಾನದ ಬಾಜಾರ. ನಾಯಕ ಅರಸರ ದರಬಾರ ಇದ್ದಲ್ಲಿ ಜವಳಿ, ಚಿನ್ನ ಬೆಳ್ಳಿ, ದವಸ ಮಾರುವವರು ತಾವಾಗಿಯೇ ಬಂದು ಸೇರುತ್ತಾರೆ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದು ಅಳಿದರು. 1860ರ ಒಪ್ಪಂದದಿಂದ ಸೀಮೆ ನಿಜಾಮರ ಪಾಲಾಯಿತು. ದರಬಾರ ಹೋಯಿತು, ಬಾಜಾರ ಉಳಿಯಿತು. ಅರಮನೆಯ ಗಿರಾಕಿ ಹೋದ ಮೇಲೆ ಸುತ್ತಿನ ಹಳ್ಳಿಯ ಒಕ್ಕಲಿಗನೇ ಅಂಗಡಿಕಾರನ ರಾಜ ಆದ.

ಯಾದಗಿರಿಯದು ರೈಲಿನ ಬಾಜಾರ. 1871ರಲ್ಲಿ ಮುಂಬೈ ಕಡೆಯ ದಾರಿಯೂ ಮದರಾಸು ಕಡೆಯ ದಾರಿಯೂ ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಆ ದಾರಿಯ ಮೇಲಿನ ಸ್ಟೇಷನ್. ರೈಲು ನಿಲ್ಲುವಲ್ಲಿ ಶೇಂಗಾ, ತೊಗರಿ, ಹತ್ತಿ ರಾಶಿ ಬಂದು ಬೀಳುತ್ತದೆ. ರಾಶಿ ಬಿದ್ದಲ್ಲಿ ಅಡತ್ ಅಂಗಡಿ ಏಳುತ್ತದೆ. ಅಡತ್ ಅಂಗಡಿಯ ಪಕ್ಕ ಕಿರಾಣಿ, ಕಿರಾಣಿಯ ಪಕ್ಕ ಕಪಡಾ. ಮಾಲು ಮಾರಿದ ರೊಕ್ಕ ಊರು ಬಿಡುವುದರೊಳಗೆ ಖರ್ಚಾಗಬೇಕಲ್ಲ! ಕೋಮಟಿಗ ಶೆಟ್ಟರು, ಬಣಜಿಗರು, ಮಾರವಾಡಿಗಳು, ಮುಸಲ್ಮಾನ ವ್ಯಾಪಾರಿಗಳು ಸಾಲುಸಾಲಾಗಿ ಕೂತದ್ದು ಹೀಗೆ. ಕನ್ನಡ, ಉರ್ದು, ತೆಲುಗು, ಮಾರವಾಡಿ ನಾಲ್ಕೂ ಒಂದೇ ತಕ್ಕಡಿಯಲ್ಲಿ ತೂಗಿದ ಬಾಜಾರವಿದು.

ಶಹಾಪುರದ ಹಳೆ ಪೇಟೆಗೆ ಹೊಸ ಜೀವ ಬಂದದ್ದು ಕಾಲುವೆಯಿಂದ. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟು, ಅದರ ಎಡದಂಡೆ ಕಾಲುವೆ, ಭೀಮರಾಯನಗುಡಿಯಲ್ಲಿ ಎದ್ದ ಯೋಜನೆಯ ಕಾಲೋನಿ, ಇವೆಲ್ಲ ಬಂದ ಮೇಲೆ ಜೋಳ ತೊಗರಿಯ ಸೀಮೆಯಲ್ಲಿ ಭತ್ತ ಕಂಡಿತು. ಆಂಧ್ರದಿಂದ ರೈತರು ಬಂದು ಕ್ಯಾಂಪು ಹಾಕಿದರು. ವರ್ಷಕ್ಕೊಮ್ಮೆ ರೊಕ್ಕ ಕಾಣುತ್ತಿದ್ದ ಬಾಜಾರಕ್ಕೆ ನೀರು ಮುಟ್ಟಿದ ಕಡೆ ಎರಡು ಸಲ ರೊಕ್ಕ ಬಂತು. ಗೊಬ್ಬರ, ಔಷಧ, ಪಂಪಿನ ಬಿಡಿಭಾಗ ಮಾರುವ ಅಂಗಡಿ ಹೊಸದಾಗಿ ಹುಟ್ಟಿದವು. ಒಂದು ತಲೆಮಾರಿನ ಹಿಂದೆ ಕಿರಾಣಿಯ ಮೂಲೆಯಲ್ಲಿ ಒಂದು ಚೀಲ ಇದ್ದ ಸರಕು ಈಗ ಒಂದು ಬೀದಿಯ ವ್ಯಾಪಾರ.

ಹಾಲಿ ಸಿಕ್ಕಾದಿಂದ ಕಿಲೋಗ್ರಾಮಿಗೆ

"ಈ ಸಲ ಸಣ್ಣ ಅಂಗಡಿ ಮುಗೀತು" ಎಂಬ ಮಾತು ಈಗಿನದಲ್ಲ. ನಮ್ಮ ಅಜ್ಜಂದಿರು ಅದನ್ನು ಎಷ್ಟೋ ಸಲ ಕೇಳಿದ್ದಾರೆ.

ನಿಜಾಮ ರಾಜ್ಯದಲ್ಲಿ ಹಾಲಿ ಸಿಕ್ಕಾ ನಡೆಯುತ್ತಿತ್ತು. ಹೊರಗಿನ ರೂಪಾಯಿಗೆ ಕಲ್ದಾರ ಎಂಬ ಹೆಸರು. 1948ರ ಸೆಪ್ಟೆಂಬರಿನಲ್ಲಿ ಪೋಲೀಸ್ ಕಾರ್ಯಾಚರಣೆ ಆಯಿತು. 1950ರಲ್ಲಿ ಭಾರತದ ರೂಪಾಯಿ ಬಂದಾಗ 7 ಹಾಲಿ ರೂಪಾಯಿಗೆ 6 ಕಲ್ದಾರ ಎಂಬ ಲೆಕ್ಕ ನಿಂತಿತು. ಹಾಲಿಯ ನೂರು ರೂಪಾಯಿ ಸಾಲ ಎಂದರೆ ಕಲ್ದಾರದಲ್ಲಿ 85 ರೂಪಾಯಿ 11 ಆಣೆ ಮೇಲೆ ಚಿಲ್ಲರೆ. ವಹಿಯಲ್ಲಿ ಬರೆದಿಟ್ಟ ಹಳೆಯ ಉದ್ರಿಯನ್ನು ಯಾವ ನಾಣ್ಯದಲ್ಲಿ ತೀರಿಸಬೇಕು? 1959ರಲ್ಲಿ ಹಾಲಿ ಸಿಕ್ಕಾ ಪೂರಾ ಬಂದ್ ಆಗುವ ತನಕ ಎರಡೂ ರೊಕ್ಕ ಒಂದೇ ಗಲ್ಲೆಯಲ್ಲಿ ಬಿದ್ದವು. ಓದು ಬಾರದ ಗಿರಾಕಿಗೆ ಏಳು ಆರರ ಲೆಕ್ಕ ತಿಳಿಸಿ ಹೇಳಿದ್ದು ಸರಕಾರವಲ್ಲ, ಅಂಗಡಿಕಾರ. ತಪ್ಪು ತಿಳಿಸಿ ಲಾಭ ಮಾಡಿಕೊಂಡವರೂ ಇದ್ದಿರಬೇಕು. ಅದನ್ನೂ ಮರೆಯುವಂತಿಲ್ಲ.

ಅದು ಮುಗಿಯುವುದರೊಳಗೇ 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ. ಆಣೆಗೆ ಆರೂಕಾಲು ಪೈಸೆ! ನಾಲ್ಕಾಣೆಗೆ 25 ಸರಿ ಹೊಂದುತ್ತದೆ, ಒಂದಾಣೆಗೆ ಹೊಂದುವುದಿಲ್ಲ. ಕಾಲು ಪೈಸೆ ಯಾರ ಕಿಸೆಗೆ ಎಂಬ ಜಗಳ. 1958ರಿಂದ ಹಂತಹಂತವಾಗಿ ಸೇರು ಹೋಗಿ ಕಿಲೋಗ್ರಾಂ ಬಂತು. 80 ತೊಲೆಯ ಸೇರು ಸುಮಾರು 933 ಗ್ರಾಂ. ಅಂದರೆ ಕಿಲೋ ಸೇರಿಗಿಂತ ತುಸು ದೊಡ್ಡದು, ದರವೂ ತುಸು ಹೆಚ್ಚು. "ಸೇರಿನ ಮಾಲೇ ಕೊಟ್ಟು ಕಿಲೋ ರೊಕ್ಕ ತಗೋತಿ" ಎಂದು ಗಿರಾಕಿ ಅನುಮಾನ ಪಟ್ಟರೆ ತಪ್ಪೇನು? ನಡುವೆ 1956ರ ನವೆಂಬರ್ 1ಕ್ಕೆ ರಾಜ್ಯವೇ ಬದಲಾಯಿತು. ಹೈದರಾಬಾದಿನ ಕಡೆ ಮುಖ ಮಾಡಿದ್ದ ಬಾಜಾರ ಬೆಂಗಳೂರಿನ ಕಾಗದ ಓದುವುದನ್ನು ಕಲಿಯಿತು.

ಹತ್ತು ವರ್ಷದಲ್ಲಿ ನಾಣ್ಯ, ತೂಕ, ರಾಜ್ಯ ಮೂರೂ ಬದಲಾದವು. ಅಂಗಡಿ ಬಾಗಿಲು ಮುಚ್ಚಲಿಲ್ಲ. ಯಾಕೆ? ತಕ್ಕಡಿ ಬದಲಾದರೂ ಒಂದು ವಸ್ತು ಬದಲಾಗಲಿಲ್ಲ. ಅದೇ ಉದ್ರಿ ವಹಿ.

ವಹಿಯೇ ಬ್ಯಾಂಕು

"ಇಂದು ನಗದು, ನಾಳೆ ಉದ್ರಿ" ಎಂದು ಬೋರ್ಡು ಹಾಕದ ಅಂಗಡಿ ಇರಲಿಲ್ಲ. ಉದ್ರಿ ಕೊಡದ ಅಂಗಡಿಯೂ ಇರಲಿಲ್ಲ. ಬೋರ್ಡು ಹೊಸಬರಿಗೆ, ವಹಿ ಪರಿಚಯದವರಿಗೆ.

ಇದರ ಚಕ್ರ ಮಳೆಯ ಜೊತೆ ತಿರುಗುತ್ತದೆ. ಜೂನ್‌ನಲ್ಲಿ ಬಿತ್ತನೆ, ಒಕ್ಕಲಿಗನ ಕೈ ಖಾಲಿ. ಉಪ್ಪು, ಎಣ್ಣೆ, ಬೆಲ್ಲ, ಚಹಾಪುಡಿ ಎಲ್ಲ ವಹಿಗೆ. ದೀಪಾವಳಿ ಹೊತ್ತಿಗೆ ಹತ್ತಿ ಬಿಡಿಸಿದರೆ ಒಂದಿಷ್ಟು ಜಮಾ. ಡಿಸೆಂಬರ್, ಜನವರಿಗೆ ತೊಗರಿ ಬಂದರೆ ಬಾಕಿ ಚುಕ್ತಾ. ಮಳೆ ಕೈಕೊಟ್ಟರೆ ಬಾಕಿ ಮುಂದಿನ ವರ್ಷಕ್ಕೆ. ಕೂಲಿಯವರದು ಇನ್ನೊಂದು ಚಕ್ರ. ಬೆಂಗಳೂರು, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವಾಗ ಮನೆಯಲ್ಲಿ ಉಳಿದ ಮುದುಕರಿಗೆ "ಕೇಳಿದ್ದು ಕೊಡ್ರಿ ಸಾವ್ಕಾರ್ರ, ಬಂದ್ ಕೊಡ್ತೀನಿ" ಎಂದು ಹೇಳಿ ಹೋಗುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಮೊದಲು ಕಾಲಿಡುವುದು ದೇವರ ಗುಡಿಗೆ, ಎರಡನೆಯದು ಅಂಗಡಿಗೆ.

ಹೀಗೆಂದ ಮಾತ್ರಕ್ಕೆ ಅಂಗಡಿಕಾರರಿಗೆ ಹೂಮಾಲೆ ಹಾಕಬೇಕಿಲ್ಲ. ಉದ್ರಿ ಧರ್ಮವಲ್ಲ, ವ್ಯಾಪಾರ. ನಗದಿಗೆ 100 ರೂಪಾಯಿಯ ಮಾಲನ್ನು ನಾಲ್ಕು ತಿಂಗಳ ಉದ್ರಿಗೆ 106 ಎಂದು ಬರೆದರೆ ವರ್ಷಕ್ಕೆ ನೂರಕ್ಕೆ 18ರ ಬಡ್ಡಿ ಆಯಿತು. ಬಡ್ಡಿ ಎಂಬ ಶಬ್ದ ಮಾತ್ರ ಬರಲಿಲ್ಲ. ಬಾಕಿ ಇದ್ದವ ಬೇರೆ ಅಂಗಡಿಗೆ ಹೋಗುವಂತಿಲ್ಲ, ದರ ಕೇಳುವಂತಿಲ್ಲ. ಓದು ಬಾರದವರ ಸೀಮೆ ಇದು. 2011ರ ಜನಗಣತಿಯಲ್ಲಿಯೂ ಈ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52ರ ಆಸುಪಾಸು. ವಹಿಯಲ್ಲಿ ಏನು ಬರೆದಿದೆ ಎಂದು ಓದಲಾರದವನಿಗೆ ವಹಿ ನಂಬಿಕೆಯೂ ಹೌದು, ಹಗ್ಗವೂ ಹೌದು. ಕಟ್ಟೆಯ ಕೆಳಗೆ ನಿಂತು ಎತ್ತರದಿಂದ ಬಿಟ್ಟ ಸಾಮಾನನ್ನು ಸೆರಗಿನಲ್ಲಿ ಹಿಡಿದು ಹೋದ ಜನ ನಮ್ಮ ಊರುಗಳಲ್ಲಿಯೇ ಇದ್ದರು. ಹಳೆಯ ಅಂಗಡಿಯ ಗುಣ ಹಾಡುವಾಗ ಆ ಕಟ್ಟೆಯ ಎತ್ತರವನ್ನೂ ಅಳೆಯಬೇಕು.

ಅಂಗಡಿಕಾರನ ಕಡೆಯ ಲೆಕ್ಕವೂ ಇದೆ. ನೂರು ರೂಪಾಯಿಗೆ ಐದು ಉಳಿಯುವ ವ್ಯಾಪಾರದಲ್ಲಿ ಒಂದು ಸಾವಿರ ಉದ್ರಿ ಮುಳುಗಿದರೆ, ಆ ಸಾವಿರ ಮತ್ತೆ ಗಳಿಸಲು 20 ಸಾವಿರದ ಮಾಲು ಮಾರಬೇಕು. ಅದಕ್ಕೇ ಅವನಿಗೆ ಊರಿನ ಎಲ್ಲರ ಹೊಲ, ಮಳೆ, ಮದುವೆ, ರೋಗ ಗೊತ್ತಿರಲೇಬೇಕು. ಯಾವ ಬ್ಯಾಂಕಿನ ಮ್ಯಾನೇಜರಿಗೂ ಅಷ್ಟು ಗೊತ್ತಿರುವುದಿಲ್ಲ.

ಚೀಟಿ ಮೇಲಿನ ದರ

ವಹಿಯ ಬಲ ಕಡಿಮೆ ಮಾಡಿದ ಮೊದಲ ವಸ್ತು ಯಾವುದೋ ದೊಡ್ಡ ಮಾಲ್ ಅಲ್ಲ. ಸಣ್ಣ ಪೊಟ್ಟಣ. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ನಿರ್ಮಾ ಪುಡಿ ಸುರು ಮಾಡಿದರು. 1980ರ ದಶಕದಲ್ಲಿ ತಮಿಳುನಾಡಿನಿಂದ ಶಾಂಪೂ ಪೊಟ್ಟಣ ಬಂದು ಅಂಗಡಿಯ ಮುಂದೆ ತೋರಣದಂತೆ ತೂಗಿತು. ಎಂಟಾಣೆ, ರೂಪಾಯಿಯ ಮಾಲಿಗೆ ವಹಿ ತೆಗೆಯುವವರಾರು? ಕೂಲಿ ಸಿಕ್ಕ ದಿನ ನಗದು ಕೊಟ್ಟು ಒಯ್ಯುತ್ತಾರೆ. 1990ರಿಂದ ಎಲ್ಲ ತೆರಿಗೆ ಸೇರಿಸಿದ ಗರಿಷ್ಠ ದರವನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವುದು ಕಡ್ಡಾಯವಾಯಿತು. ಉದ್ರಿಗೆ 106 ಎಂದು ಬರೆಯುವ ದಾರಿ ಅಲ್ಲಿಗೆ ಮುಚ್ಚಿತು. ಗಿರಾಕಿಗೆ ಒಳ್ಳೆಯದಾಯಿತು. ಆದರೆ ಉದ್ರಿಯ ಖರ್ಚು ತುಂಬಿಕೊಳ್ಳಲಾಗದ ಅಂಗಡಿಕಾರ ಉದ್ರಿ ಕೊಡಲು ಹಿಂದೆ ಮುಂದೆ ನೋಡತೊಡಗಿದ. ಎರಡೂ ಒಂದೇ ಚೀಟಿಯ ಎರಡು ಮಗ್ಗುಲು.

ದೊಡ್ಡ ಅಂಗಡಿ ಬಂದರೆ ಸಣ್ಣದು ಸಾಯುತ್ತದೆ ಎಂಬ ಲೆಕ್ಕ ಅಷ್ಟು ಸರಳವೂ ಅಲ್ಲ. ಚೆನ್ನೈಯಲ್ಲಿ 1997ರಲ್ಲಿ ಹುಟ್ಟಿದ ಸುಭಿಕ್ಷಾ ಕಂಪನಿ ದೇಶದಲ್ಲಿ 1,600 ಮಳಿಗೆ ತೆರೆದು, ರೊಕ್ಕ ಸಾಲದೆ 2009ರಲ್ಲಿ ಬಾಗಿಲು ಹಾಕಿತು. ಬಾಡಿಗೆ, ಪಗಾರ, ವಿದ್ಯುತ್ ಎಲ್ಲಕ್ಕೂ ನಗದು ಕೊಡಬೇಕಾದ ಕಂಪನಿಗೂ, ಸ್ವಂತ ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿ, ಮಗ, ಅಪ್ಪ ಪಾಳಿಯಲ್ಲಿ ಕೂರುವ ಅಂಗಡಿಗೂ ಖರ್ಚಿನ ಅಂತರ ಬಹಳ. ಮನೆಯವರ ದುಡಿಮೆಗೆ ಪಗಾರ ಹಿಡಿಯುವುದಿಲ್ಲ ಎಂಬುದೇ ಸಣ್ಣ ಅಂಗಡಿಯ ಬಂಡವಾಳ. ಮಧ್ಯಾಹ್ನ ಗಲ್ಲೆ ಕಾಯುವ ಹೆಣ್ಣುಮಕ್ಕಳ ಹೆಸರು ಬೋರ್ಡಿನ ಮೇಲೆ ಇರುವುದಿಲ್ಲ. "ಅಂಡ್ ಸನ್ಸ್" ಇರುತ್ತದೆ. ಆ ಸನ್ಸ್ ಈಗ ಓದಿ ಬೆಂಗಳೂರು ಸೇರುತ್ತಿದ್ದಾರೆ, ಅದು ಬೇರೆ ಮಾತು. ಮಾಲ್ ಮುಚ್ಚಿಸಲಾಗದ ಅಂಗಡಿಯನ್ನು ಮಗನ ಪಗಾರದ ಕೆಲಸ ಮುಚ್ಚಿಸುತ್ತದೆ.

ನೋಟು, ತೆರಿಗೆ, ಫೋನು

2009ರ ಕೊನೆಗೆ ಯಾದಗಿರಿ ಜಿಲ್ಲೆ ಆಯಿತು. ಕಚೇರಿ ಬಂದವು, ಪಗಾರದವರು ಬಂದರು, ತಿಂಗಳಿಗೊಮ್ಮೆ ಕೊಳ್ಳುವ ಗಿರಾಕಿ ಹೆಚ್ಚಿದರು. ಆಮೇಲೆ ಹೊಡೆತಗಳು ಒಂದರ ಹಿಂದೆ ಒಂದು. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದು. 2017ರ ಜುಲೈ 1ಕ್ಕೆ ಜಿಎಸ್‌ಟಿ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್. ನೋಟು ಇಲ್ಲದಾಗ ಊರಿಗೆ ಊಟ ಹಾಕಿದ್ದು ವಹಿ. ಲಾಕ್‌ಡೌನಿನಲ್ಲಿ ಗುಳೆ ಹೋದವರು ಬರಿಗೈಯಲ್ಲಿ ತಿರುಗಿ ಬಂದಾಗಲೂ ವಹಿಯೇ. ಅದೇ ದಿನಗಳಲ್ಲಿ ಫೋನಿನ ರೊಕ್ಕ ಎಲ್ಲರ ಕೈಗೆ ಬಂತು. ಚಿಲ್ಲರೆ ಜಗಳ ನಿಂತಿತು. ಬೆಂಗಳೂರಿನ ಮಗ ಅಲ್ಲಿಂದಲೇ ಸುರಪುರದ ಅಂಗಡಿಯ ಬಾಕಿ ತೀರಿಸುವಂತಾಯಿತು. ಇದು ಸಣ್ಣ ಅನುಕೂಲವಲ್ಲ.

ಈಗ ನೋಟೀಸಿನ ಮಾತಿಗೆ ಬರೋಣ. ಅಂಜುವ ಬದಲು ಲೆಕ್ಕ ಹಾಕಿ ನೋಡಿ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು. ಅಂದರೆ ದಿನಕ್ಕೆ ಸುಮಾರು 11 ಸಾವಿರ. ಬಸ್‌ಸ್ಟ್ಯಾಂಡಿನ ಹತ್ತಿರದ ಸಾಧಾರಣ ಕಿರಾಣಿಗೆ ಇದು ದೊಡ್ಡ ಮೊತ್ತವೇನಲ್ಲ. ಬಿಡಿ ಜೋಳ, ಬೇಳೆ, ತರಕಾರಿಗೆ ತೆರಿಗೆ ಇಲ್ಲ. ಆದರೆ ಇಲ್ಲಿಯೇ ಹಲವರು ಎಡವುತ್ತಾರೆ. ತೆರಿಗೆ ಇಲ್ಲದ ಮಾಲು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಅದರ ಜೊತೆ ಸಾಬೂನು, ಬಿಸ್ಕೀಟು ಮಾರಿದರೆ, 40 ಲಕ್ಷದ ಗಡಿ ಎಣಿಸುವಾಗ ಎರಡೂ ಕೂಡುತ್ತವೆ. 35 ಲಕ್ಷದ ಬಿಡಿ ಧಾನ್ಯಕ್ಕೆ 6 ಲಕ್ಷದ ಸಾಬೂನು ಸೇರಿದರೆ ಗಡಿ ದಾಟಿತು.

ದಾಟಿದರೆ ಮನೆ ಮುಳುಗಿತೇ? ಇಲ್ಲ. ಒಂದೂವರೆ ಕೋಟಿಯ ಒಳಗಿನ ವರ್ತಕರಿಗೆ ರಾಜಿ ತೆರಿಗೆ ಪದ್ಧತಿ ಇದೆ. ತೆರಿಗೆಗೆ ಬರುವ ಮಾಲಿನ ಮಾರಾಟಕ್ಕೆ ನೂರಕ್ಕೆ ಒಂದು. 45 ಲಕ್ಷದ ವ್ಯಾಪಾರದಲ್ಲಿ ತೆರಿಗೆಯ ಮಾಲು 20 ಲಕ್ಷ ಇದ್ದರೆ ವರ್ಷಕ್ಕೆ 20 ಸಾವಿರ. ತಿಂಗಳಿಗೆ 1,700ರ ಒಳಗೆ. ಇದನ್ನು ಗಿರಾಕಿಯಿಂದ ಬೇರೆ ವಸೂಲು ಮಾಡುವಂತಿಲ್ಲ, ಕೊಂಡಾಗ ಕೊಟ್ಟ ತೆರಿಗೆ ವಾಪಸ್ಸೂ ಇಲ್ಲ. ಹೊರೆ ಇದೆ, ಆದರೆ ಅದು 29 ಲಕ್ಷದ ಭೂತವಲ್ಲ. ಭೂತ ಹುಟ್ಟುವುದು ಲೆಕ್ಕ ಇಲ್ಲದಲ್ಲಿ. ಅಳಿಯ ಕಳಿಸಿದ ರೊಕ್ಕ, ಚೀಟಿ ರೊಕ್ಕ, ಮಾರಾಟದ ರೊಕ್ಕ ಮೂರೂ ಒಂದೇ ಖಾತೆಗೆ ಬಿದ್ದರೆ ಎಲ್ಲವೂ ಮಾರಾಟವೇ ಎಂದು ಇಲಾಖೆ ಹೇಳಿದಾಗ ಅಲ್ಲ ಎನ್ನಲು ಕಾಗದ ಬೇಕಲ್ಲ?

ಇಲಾಖೆಯವರಿಗೂ ಒಂದು ಮಾತು. 2017ರಿಂದ 2025ರ ತನಕ ಎಂಟು ವರ್ಷ ಸಣ್ಣ ವರ್ತಕರಿಗೆ ಈ ಲೆಕ್ಕವನ್ನು ಅವರ ಭಾಷೆಯಲ್ಲಿ, ಅವರ ಪೇಟೆಗೆ ಬಂದು ತಿಳಿಸಿದ್ದರೆ ನೋಟೀಸಿನ ಪ್ರಸಂಗ ಬರುತ್ತಿರಲಿಲ್ಲ. ಮೊದಲು ಫೋನಿನಲ್ಲಿ ರೊಕ್ಕ ತಗೊಳ್ಳಿ ಎಂದು ಡಂಗುರ ಸಾರಿ, ಆಮೇಲೆ ಅದೇ ಫೋನನ್ನು ಸಾಕ್ಷಿ ಮಾಡಿದರೆ ಜನ ನಗದಿಗೆ ಓಡುತ್ತಾರೆ. ಹಾಗೆ ಓಡಿದರೆ ಸರಕಾರಕ್ಕೂ ನಷ್ಟ, ವರ್ತಕನಿಗೂ ನಷ್ಟ. ಬ್ಯಾಂಕ್ ಸಾಲಕ್ಕೆ ತೋರಿಸಲು ಅವನ ಹತ್ತಿರ ಮತ್ತೆ ಏನೂ ಉಳಿಯುವುದಿಲ್ಲ.

ವಹಿ ಮುಚ್ಚಿದರೆ ಯಾರು?

ನಿಜವಾದ ಪ್ರಶ್ನೆ ತೆರಿಗೆಯದಲ್ಲ. ಲೆಕ್ಕ ಬಿಗಿಯಾದಷ್ಟೂ, ದರ ಅಚ್ಚಾದಷ್ಟೂ, ಮಾಲು ಕೊಡುವ ಏಜೆಂಟರು ನಗದು ಕೇಳಿದಷ್ಟೂ ಅಂಗಡಿಕಾರ ಉದ್ರಿ ಕಡಿಮೆ ಮಾಡುತ್ತಾನೆ. ಆಗ ಜೂನ್ ತಿಂಗಳಲ್ಲಿ ಕೈ ಖಾಲಿ ಇದ್ದವ ಎಲ್ಲಿಗೆ ಹೋಗಬೇಕು? ಉತ್ತರ ನಾವು ಕಣ್ಣಾರೆ ಕಂಡಿದ್ದೇವೆ. ವಾರದ ಕಂತಿನ ಸಾಲಕ್ಕೆ ಹೋಗುತ್ತಾನೆ, ಹೋಗುತ್ತಾಳೆ. ಅಂಗಡಿಕಾರ ಮಳೆ ಬಾರದಿದ್ದರೆ ಬೈದು ಸುಮ್ಮನಾಗುತ್ತಿದ್ದ. ಕಂತಿನವರು ಬಾಗಿಲಲ್ಲಿ ಬಂದು ಕೂರುತ್ತಾರೆ. ಈ ಕಾಟ ಹೆಚ್ಚಿ ಜನ ಊರು ಬಿಡುವ, ಜೀವ ಕಳೆದುಕೊಳ್ಳುವ ತನಕ ಹೋದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದು 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಿತು. ಕಾನೂನು ವಸೂಲಿಗಾರನನ್ನು ತಡೆಯಬಹುದು. ಜೂನ್‌ನ ಎಣ್ಣೆ ಉಪ್ಪನ್ನು ಕಾನೂನು ಕೊಡುವುದಿಲ್ಲ.

ಒಂದಿಷ್ಟು ಆಸರೆ ಬೇರೆ ಕಡೆಯಿಂದ ಬಂದಿದೆ ಎನ್ನಬೇಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ, ಅದೇ ವರ್ಷ ಆಗಸ್ಟ್ ಕೊನೆಗೆ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ. "ಬಸ್ ಪುಕ್ಕಟ ಆತು, ನಮ್ ಗಿರಾಕಿ ಕಲಬುರ್ಗಿಗಿ ಹೋದ್ರು" ಎಂದು ಬಟ್ಟೆ ಅಂಗಡಿಯವರು ಹೇಳಿದರೆ, "ಹಳ್ಳಿಯಿಂದ ಹೆಣ್ಮಕ್ಳು ಈಗ ತಾವೇ ಬರ್ಲಾಕತ್ಯಾರ, ದರ ಕೇಳಿ ತಗೋತಾರ" ಎಂದು ಕಿರಾಣಿಯವರು ಹೇಳುತ್ತಾರೆ. ಇಬ್ಬರ ಮಾತೂ ಖರೆ. ತಾನೇ ಬಂದು ತನ್ನ ರೊಕ್ಕ ಕೊಟ್ಟು ಕೊಳ್ಳುವ ಹೆಣ್ಣುಮಗಳು ಕಟ್ಟೆಯ ಕೆಳಗೆ ನಿಂತು ಸೆರಗೊಡ್ಡುವುದಿಲ್ಲ. ಕಂತು ತಡವಾದ ತಿಂಗಳು ಮಾತ್ರ ಮತ್ತೆ ಅದೇ ವಹಿ.

ಹಾಗಾದರೆ ಮಾಡಬೇಕಾದ್ದೇನು? ಮೂರೂ ಊರಿನ ವರ್ತಕರು ಇದನ್ನು ತಮ್ಮ ಸಂಘಗಳ ಜಗಲಿಯ ಮೇಲೆ ಕೂತು ಯೋಚಿಸಬೇಕು. ಮಾರಾಟಕ್ಕೆ ಒಂದು ಖಾತೆ, ಮನೆಗೆ ಒಂದು ಖಾತೆ. ಹತ್ತು ಅಂಗಡಿ ಕೂಡಿ ಒಬ್ಬ ಲೆಕ್ಕದ ಹುಡುಗನನ್ನು ಇಟ್ಟುಕೊಂಡರೆ ತಲೆಗೆ ಬೀಳುವ ಖರ್ಚು ಕಡಿಮೆ. ಕೂಡಿಯೇ ಮಾಲು ತರಿಸಿದರೆ ದರ ಇಳಿಯುತ್ತದೆ, ಹಾಗೆ ಉಳಿದದ್ದರಲ್ಲಿ ಉದ್ರಿಯ ತೂತು ಮುಚ್ಚಬಹುದು. ಉದ್ರಿ ಬರೆದರೆ ಗಿರಾಕಿಯ ಕೈಯಲ್ಲಿಯೂ ಒಂದು ಸಣ್ಣ ಪುಸ್ತಕ ಕೊಡಿ. ಅವರ ಮನೆಯ ಶಾಲೆಗೆ ಹೋಗುವ ಮಗು ಈಗ ಓದಬಲ್ಲದು. ವಹಿ ಎರಡು ಕಡೆ ಇದ್ದರೆ ಅದು ಹಗ್ಗವಾಗುವುದಿಲ್ಲ.

ಬಸ್ಸಿನಲ್ಲಿ ಕೂತು ಇದನ್ನು ಓದುವವರಿಗೂ ಒಂದು ಮಾತಿದೆ. ನಗದು ಇದ್ದ ದಿನ ದೊಡ್ಡ ಪೇಟೆಗೆ, ಕೈ ಖಾಲಿ ಇದ್ದ ದಿನ ಓಣಿಯ ಅಂಗಡಿಗೆ ಎಂಬ ಪದ್ಧತಿ ನಾವು ಹಾಕಿಕೊಂಡಿದ್ದೇವೆ. ಕಾಲೊಡೆದ ತಕ್ಕಡಿ ಎಷ್ಟು ದಿನ ನಿಂತೀತು? ಜನವರಿಯಲ್ಲಿ ತೊಗರಿ ರೊಕ್ಕ ಬಂದಾಗ ಒಂದು ಚೀಲವನ್ನಾದರೂ ಓಣಿಯ ಅಂಗಡಿಯಲ್ಲಿ ತುಂಬಿಸಿ. ಜೂನ್ ಮತ್ತೆ ಬರುತ್ತದೆ.